ಹಾಸ್ಯವೂ ಹತ್ಯೆಯೂ: ‘ಬಿಗ್ ಲಿಟಲ್ ಲೈಸ್’ ಕಾದಂಬರಿಯ ರಸವಿಚಾರ

೧

ಹಾಸ್ಯಕ್ಕೂ ಕರುಣಕ್ಕೂ ವಿರೋಧವುಂಟೆಂಬುದು ನಮ್ಮ ಆಲಂಕಾರಿಕರಲ್ಲಿ ಪ್ರಸಿದ್ಧವಾದ ಮತ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ರಸಗಳ ಪರಸ್ಪರ ವಿರೋಧವನ್ನು ಎಣಿಸುವಾಗ ಭಯಾನಕವೂ ಕರುಣವೂ ಹಾಸ್ಯಕ್ಕೆ ವಿರೋಧಿಗಳೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಹೀಗಿರಲು, ಒಂದು ಹತ್ಯೆಯನ್ನು ವಸ್ತುವಾಗಿಟ್ಟುಕೊಂಡು ಮೊದಲಿನಿಂದ ಹೆಚ್ಚುಕಡಮೆ ಕೊನೆಯವರೆಗೆ ವಾಚಕರನ್ನು ನಗಿಸುತ್ತ ಹೋಗುವ ಕೃತಿಯೊಂದು ಕೈಗೆ ಬಂದರೆ, ಶಾಸ್ತ್ರವನ್ನು ಓದಿದವನಿಗೆ ಮೊದಲು ಹುಟ್ಟುವುದು ಸಂಶಯವೇ. ನಗುವು ಹತ್ಯೆಯ ಗಾಂಭೀರ್ಯವನ್ನು ಕೆಡಿಸುವುದಿಲ್ಲವೆ? ಹತ್ಯೆಯು ನಗುವಿನ ನೆಮ್ಮದಿಯನ್ನು ಕೆಡಿಸುವುದಿಲ್ಲವೆ? ಎರಡೂ ಕೆಟ್ಟಮೇಲೆ ಸಹೃದಯನಿಗೆ ಉಳಿಯುವ ರಸವಾವುದು?

ಈ ಸಂಶಯವನ್ನು ಪರೀಕ್ಷಿಸುವುದಕ್ಕೆ ಆಸ್ಟ್ರೇಲಿಯದ ಲೇಖಕಿ ಲಿಯಾನ್ ಮೊರಿಯಾರ್ಟಿಯವರು ೨೦೧೪ರಲ್ಲಿ ಪ್ರಕಟಿಸಿದ ‘ಬಿಗ್ ಲಿಟಲ್ ಲೈಸ್’ ಎಂಬ ಇಂಗ್ಲಿಷ್ ಕಾದಂಬರಿಯು ತಕ್ಕ ಉದಾಹರಣೆ. ದೊಡ್ಡ ಸಣ್ಣ ಸುಳ್ಳುಗಳು ಎಂದು ಅದರ ಹೆಸರಿನ ಅರ್ಥ. ಅದು ಅನೇಕ ದೇಶಗಳಲ್ಲಿ ಬಹಳವಾಗಿ ಮಾರಾಟವಾದ ಪುಸ್ತಕ. ಅಂಥ ಜನಪ್ರಿಯ ಕೃತಿಯನ್ನು ಶಾಸ್ತ್ರದ ಒರೆಗೆ ಹಚ್ಚುವುದು ಅನಾವಶ್ಯಕವೆಂದು ಕೆಲವರು ತಿಳಿಯಬಹುದು. ಆದರೆ ಒರೆಗಲ್ಲಿರುವುದು ಚಿನ್ನವೆಂದು ಮೊದಲೇ ಗೊತ್ತಾದ ಲೋಹಕ್ಕಾಗಿ ಅಲ್ಲವಷ್ಟೆ. ಇದಲ್ಲದೆ, ಕಥೆಯು ಒಂದು ಪ್ರಾಥಮಿಕ ಪಾಠಶಾಲೆಯ ಸುತ್ತ ಹೆಣೆದುದಾದ ಕಾರಣ, ಉಪಾಧ್ಯಾಯವೃತ್ತಿಯಲ್ಲಿರುವ ನಮ್ಮ ವಾಚಕರಿಗೆ ಅದರಲ್ಲಿ ಸಾಹಿತ್ಯಕ್ಕೆ ಹೊರತಾದ ಪ್ರಯೋಜನವೂ ಉಂಟು. ಗುಟ್ಟನ್ನು ಹೊರಗೆಡಹದೆ ಇಂಥ ಗ್ರಂಥವನ್ನು ವಿಮರ್ಶಿಸುವುದು ಸಾಧ್ಯವಿಲ್ಲ. ಅದನ್ನು ಇನ್ನೂ ಓದದಿರುವವರು ಕ್ಷಮಿಸಬೇಕು.

೨

ಕಥೆ ನಡೆಯುವುದು ಸಿಡ್ನಿಯ ಬಳಿ, ಸಮುದ್ರತೀರದ ಪಿರಿವೀ ಎಂಬ ಕಲ್ಪಿತವಾದ ಊರಿನ ಸರ್ಕಾರಿ ಶಾಲೆಯಲ್ಲಿ. ಗ್ರಂಥದ ಆರಂಭದಲ್ಲಿ ಶಾಲೆಯ ನೆರೆಮನೆಯ ವೃದ್ಧೆಯೊಬ್ಬಳು ತನ್ನ ಬೆಕ್ಕಿನೊಡನೆ ಕುಳಿತು, ಶಾಲೆಯಲ್ಲಿ ನಡೆಯುತ್ತಿರುವ ರಸಪ್ರಶ್ನೆಯ ಕೂಟದ ಗಲಭೆಯನ್ನು ಕೇಳುತ್ತಾಳೆ. ಅಂದು ಮಕ್ಕಳ ತಂದೆಗಳೆಲ್ಲರೂ ಎಲ್ವಿಸ್ ಪ್ರೆಸ್ಲಿ ಎಂಬ ಗಾಯಕನ ವೇಷವನ್ನೂ, ತಾಯಿಯರೆಲ್ಲರೂ ಆಡ್ರಿ ಹೆಪ್‌ಬರ್ನ್ ಎಂಬ ನಟಿಯ ವೇಷವನ್ನೂ ಧರಿಸಿದ್ದಾರೆ. ಪಾನೀಯವು ತೀಕ್ಷ್ಣವಾಯಿತು, ಆಹಾರವು ತಡವಾಯಿತು; ಕೂಟವು ಕಲಹವಾಗಿ ಪರಿಣಮಿಸಿ, ಒಂದು ಜೀವ ಹೋಯಿತು. ಹೋದ ಜೀವ ಯಾರದು, ತೆಗೆದವರು ಯಾರು ಎಂಬ ಎರಡನ್ನೂ ಹೇಳದೆ, ಲೇಖಕಿಯು ಕಥೆಯನ್ನು ಆರು ತಿಂಗಳು ಹಿಂದಕ್ಕೆ ಒಯ್ಯುತ್ತಾಳೆ. ಸಾಮಾನ್ಯವಾದ ಪತ್ತೇದಾರಿ ಕಾದಂಬರಿಯಲ್ಲಿ ಕೊಂದವನ ಹೆಸರೊಂದೇ ಗುಪ್ತ. ಇಲ್ಲಿ ಸತ್ತವರ ಹೆಸರೂ ಗುಪ್ತ. ಈ ಎರಡನೆಯ ಗೋಪನವು ಕೇವಲ ಚಮತ್ಕಾರವಲ್ಲವೆಂಬುದು ಮುಂದೆ ತಿಳಿಯುವುದು.

ಶಿಶುವರ್ಗಕ್ಕೆ ಮಕ್ಕಳನ್ನು ಸೇರಿಸಲು ಬಂದ ಮೂವರು ತಾಯಿಯರು ಕಥೆಯ ಆಧಾರಸ್ತಂಭಗಳು. ಮೊದಲನೆಯವಳು ಮ್ಯಾಡಲಿನ್, ನಲವತ್ತು ತುಂಬಿದವಳು, ಮಾತುಗಾತಿ, ಕೋಪವನ್ನು ಆಭರಣದಂತೆ ಧರಿಸುವವಳು. ಹಸುಗೂಸಿನೊಡನೆ ತನ್ನನ್ನು ಬಿಟ್ಟುಹೋದ ಮೊದಲ ಗಂಡ ನೇಥನ್‌ನು ಈಗ ಬಾನಿ ಎಂಬುವಳನ್ನು ಮದುವೆಯಾಗಿ, ಅದೇ ಶಾಲೆಗೆ ತನ್ನ ಇನ್ನೊಬ್ಬ ಮಗಳನ್ನು ಕರೆತಂದಿದ್ದಾನೆ. ಎರಡನೆಯವಳು ಸೆಲೆಸ್ಟ್, ರೂಪವತಿ, ಐಶ್ವರ್ಯವಂತೆ, ಅವಳಿಮಕ್ಕಳ ತಾಯಿ. ಊರೆಲ್ಲ ಹೊಗಳುವ ಅವಳ ಗಂಡ ಪೆರಿಯು ಮನೆಯೊಳಗೆ ಅವಳನ್ನು ಹೊಡೆಯುತ್ತಾನೆ. ಮೂರನೆಯವಳು ಜೇನ್, ಇಪ್ಪತ್ತನಾಲ್ಕರ ತರುಣಿ, ಗಂಡನಿಲ್ಲದೆ ಜಿಗ್ಗಿ ಎಂಬ ಐದು ವರ್ಷದ ಮಗನನ್ನು ಸಾಕುತ್ತಿರುವವಳು. ಆ ಮಗುವು ಒಂದು ರಾತ್ರಿಯ ಬಲಾತ್ಕಾರದ ಫಲ. ಅಂದು ಆ ಪುರುಷನು ಹೇಳಿದ ಹೆಸರೊಂದೇ ಅವಳಿಗೆ ಗೊತ್ತು.

ಶಾಲೆಯ ಪರಿಚಯದ ದಿನ ರೆನಾಟಾ ಎಂಬ ಪ್ರತಿಷ್ಠಿತೆಯ ಮಗಳು ಅಮಾಬೆಲ್ಲಾಳಿಗೆ ಯಾರೋ ನೋವು ಮಾಡಿರುತ್ತಾರೆ. ಮಾಡಿದವರು ಯಾರೆಂದು ಎಲ್ಲರ ಇದಿರಿನಲ್ಲಿ ತೋರಿಸುವಂತೆ ಆ ಎಳೆಯ ಹುಡುಗಿಯನ್ನು ಒತ್ತಾಯಪಡಿಸಲಾಗುತ್ತದೆ. ಅವಳ ಬೆರಳು ಜಿಗ್ಗಿಯ ಕಡೆಗೆ ತಿರುಗುತ್ತದೆ. ಹುಡುಗನು ತಾನಲ್ಲವೆನ್ನುತ್ತಾನೆ. ಊರು ಎರಡಾಗುತ್ತದೆ, ಹುಟ್ಟುಹಬ್ಬದ ಆಮಂತ್ರಣಗಳು ಆಯುಧಗಳಾಗುತ್ತವೆ, ಜಿಗ್ಗಿಯನ್ನು ಶಾಲೆಯಿಂದ ಹೊರಹಾಕಬೇಕೆಂದು ಸಹಿಗಳ ಸಂಗ್ರಹ ನಡೆಯುತ್ತದೆ. ಐದು ವರ್ಷದ ಬಾಲಕನ ಮೇಲೆ ಒಂದು ಊರಿನ ದಂಡಯಾತ್ರೆ! ಇದು ನಗೆಗೀಡಾದ ವಿಷಯ. ಮಗುವಿನ ತಾಯಿಗೆ ಮಾತ್ರ ಅಲ್ಲ.

ಕೂಟದ ರಾತ್ರಿ, ಜೇನಳಿಗೆ ಅನ್ಯಾಯ ಮಾಡಿದವನು ಬೇರೆ ಹೆಸರನ್ನು ಹೇಳಿದ್ದ ಪೆರಿಯೇ ಎಂಬುದು ಬೆಳಕಿಗೆ ಬರುತ್ತದೆ. ಅಮಾಬೆಲ್ಲಾಳನ್ನು ಹಿಂಸಿಸಿದವನು ಅವನ ಅವಳಿಮಕ್ಕಳಲ್ಲೊಬ್ಬನಾದ ಮ್ಯಾಕ್ಸನೆಂಬುದೂ ವಾಚಕನಿಗೆ ತಿಳಿದಿದೆ. ಶಾಲೆಯ ಮಹಡಿಯ ಮೇಲೆ ಪೆರಿಯು ಎಲ್ಲರ ಇದಿರಿಗೆ ಹೆಂಡತಿಯನ್ನು ಹೊಡೆಯುತ್ತಾನೆ. ಆಗ ಅವನನ್ನು ನೂಕುವವಳು, ಕಥೆಯುದ್ದಕ್ಕೂ ಶಾಂತಮೂರ್ತಿಯಾಗಿ ಯೋಗಾಭ್ಯಾಸವನ್ನು ಮಾಡಿಕೊಂಡಿದ್ದ ಬಾನಿ. ಅವನು ಕೆಳಗೆ ಬಿದ್ದು ಸಾಯುತ್ತಾನೆ.

೩

ಪೂರ್ವಪಕ್ಷವನ್ನು ಮೊದಲು ಮಂಡಿಸೋಣ. ಪತ್ನೀತಾಡನ, ಬಲಾತ್ಕಾರ, ಮರಣ ಇವುಗಳು ಕರುಣಕ್ಕೂ ಭಯಾನಕಕ್ಕೂ ಸಲ್ಲತಕ್ಕ ವಿಭಾವಗಳು. ಇವುಗಳ ನಡುವೆ ತಲೆಯ ಹೇನಿನ ಜಗಳವನ್ನೂ, ಕಳೆದುಹೋದ ತರಗತಿಯ ಗೊಂಬೆಯನ್ನೂ, ವೇಷಗಳ ಗೊಂದಲವನ್ನೂ ತುಂಬುವುದು ಅನೌಚಿತ್ಯ. ಅನೌಚಿತ್ಯಕ್ಕಿಂತ ಮಿಗಿಲಾದ ರಸಭಂಗಕಾರಣವಿಲ್ಲವೆಂದು ಆನಂದವರ್ಧನನೇ ತೀರ್ಮಾನಿಸಿದ್ದಾನೆ. ಆದುದರಿಂದ ಗ್ರಂಥವು ದುಷ್ಟವಾದುದು, ಎಂದು.

ಇದಕ್ಕೆ ಉತ್ತರವನ್ನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿಯೇ ಹುಡುಕಬಹುದು. ರಸವಿರೋಧವು ಎರಡು ಬಗೆ: ಒಂದೇ ಆಶ್ರಯದಲ್ಲಿ ಎರಡನ್ನೂ ಇಟ್ಟುದರಿಂದ ಬರುವುದೊಂದು, ಎಡೆಯಿಲ್ಲದೆ ಒಂದರ ಮೇಲೊಂದನ್ನು ತಂದುದರಿಂದ ಬರುವುದು ಇನ್ನೊಂದು. ಆಶ್ರಯವನ್ನು ಬೇರೆ ಮಾಡಿದರೆ ಮೊದಲನೆಯದು ಪರಿಹಾರವಾಗುತ್ತದೆ. ನಡುವೆ ಮತ್ತೊಂದು ರಸವನ್ನು ತಂದರೆ ಎರಡನೆಯದು ಪರಿಹಾರವಾಗುತ್ತದೆ. ಈ ಕಾದಂಬರಿಯಲ್ಲಿ ಹಾಸ್ಯಕ್ಕೆ ಆಶ್ರಯವಾದುದು ಶಾಲೆಯ ಸಮಾಜ. ಕರುಣಕ್ಕೆ ಆಶ್ರಯವಾದುದು ಸೆಲೆಸ್ಟಳ ಮನೆ, ಜೇನಳ ಮನಸ್ಸು. ಸೆಲೆಸ್ಟಳ ಮನೆಯ ಬಾಗಿಲು ಮುಚ್ಚಿದ ಮೇಲೆ ಪರಿಹಾಸವು ವಿರಳವಾಗುವುದನ್ನು ವಾಚಕರು ಪರೀಕ್ಷಿಸಿ ನೋಡಬಹುದು. ಎರಡು ಆಶ್ರಯಗಳ ನಡುವೆ ಓಡಾಡುವವಳು ಮ್ಯಾಡಲಿನ್. ಅವಳ ಸ್ನೇಹವು ಒಂದರಿಂದ ಇನ್ನೊಂದಕ್ಕೆ ಹಾಯುವ ಸೇತುವೆ. ತನ್ನನ್ನು ತಾನೇ ನೋಡಿ ನಗಬಲ್ಲ ಅವಳ ಹಾಸ್ಯವು ಭರತನು ಹೇಳುವ ಆತ್ಮಸ್ಥವಾದುದರಿಂದ ಅದರಲ್ಲಿ ಕ್ರೌರ್ಯವಿಲ್ಲ.

ಇಷ್ಟು ಹೇಳಿದರೆ ದೋಷಪರಿಹಾರವಾಯಿತು. ಆದರೆ ದೋಷವಿಲ್ಲದಿರುವುದು ಬೇರೆ, ಗುಣವಿರುವುದು ಬೇರೆ. ಹಾಸ್ಯಕರುಣಗಳು ಇಲ್ಲಿ ಜಗಳವಾಡದೆ ಪಕ್ಕಪಕ್ಕದ ಮನೆಗಳಲ್ಲಿ ವಾಸಿಸುತ್ತವೆ ಎಂಬುದಷ್ಟೇ ಸಿದ್ಧಾಂತವಾದರೆ, ಎರಡು ಕಥೆಗಳನ್ನು ಒಂದು ರಟ್ಟಿನಲ್ಲಿ ಕಟ್ಟಿದಂತಾಯಿತೇ ಹೊರತು ಒಂದು ಕೃತಿಯಾಗಲಿಲ್ಲ. ಇವೆರಡಕ್ಕೂ ಮೂಲವಾದ ಕಾರಣ ಒಂದೇ ಎಂಬುದು ನನ್ನ ಮತ. ಆ ಕಾರಣ ಯಾವುದೆಂಬುದನ್ನು ತಿಳಿಯಬೇಕಾದರೆ ಹಾಸ್ಯದ ಸ್ವರೂಪವನ್ನು ಮೊದಲು ನೋಡಬೇಕು.

೪

ಭರತಮುನಿಯು ಹಾಸ್ಯಕ್ಕೆ ಹೇಳಿದ ವಿಭಾವಗಳಲ್ಲಿ ವಿಕೃತವಾದ ವೇಷಾಲಂಕಾರಗಳು, ಅಸಂಬದ್ಧವಾದ ಪ್ರಲಾಪ, ಪರರ ದೋಷಗಳ ಉದಾಹರಣೆ ಇವು ಸೇರಿವೆ. ಮೊದಲನೆಯದಕ್ಕೆ ಕೂಟದ ರಾತ್ರಿಯೇ ನಿದರ್ಶನ: ಗಂಡಸರೆಲ್ಲ ಒಬ್ಬನೇ, ಹೆಂಗಸರೆಲ್ಲ ಒಬ್ಬಳೇ. ಉಳಿದೆರಡಕ್ಕೆ ಲೇಖಕಿಯು ಒಂದು ವಿಶೇಷವಾದ ತಂತ್ರವನ್ನು ಕಲ್ಪಿಸಿದ್ದಾಳೆ. ಅನೇಕ ಪ್ರಕರಣಗಳ ಅಂಚಿನಲ್ಲಿ ಊರವರ ಹೇಳಿಕೆಗಳು ಬರುತ್ತವೆ. ಮಕ್ಕಳ ತಂದೆತಾಯಿಗಳು, ಉಪಾಧ್ಯಾಯಿನಿ, ಮುಖ್ಯೋಪಾಧ್ಯಾಯಿನಿ, ಪೋಲೀಸಿನ ಅಧಿಕಾರಿ, ಎಲ್ಲರೂ ಮರಣಾನಂತರ ಒಂದೆರಡು ವಾಕ್ಯಗಳನ್ನು ನುಡಿದು ಮರೆಯಾಗುತ್ತಾರೆ. ಅನರ್ಥಕ್ಕೆಲ್ಲ ಫ್ರೆಂಚ್ ದಾದಿಯೇ ಕಾರಣವೆನ್ನುವವರುಂಟು, ಹೇನೇ ಕಾರಣವೆನ್ನುವವರುಂಟು. ಒಬ್ಬರ ಮಾತನ್ನು ಮುಂದಿನವರು ಅಲ್ಲಗಳೆಯುತ್ತಾರೆ. ಅಲ್ಲಗಳೆದವರು ತಾವೂ ಏನನ್ನೂ ಕಂಡಿರುವುದಿಲ್ಲ.

ನಮ್ಮ ನಾಟಕಗಳ ಪ್ರವೇಶಕಕ್ಕೂ ಈ ತಂತ್ರಕ್ಕೂ ಹೋಲಿಕೆಯುಂಟು. ಪ್ರವೇಶಕದಲ್ಲಿಯೂ ಕಿರಿಯ ಪಾತ್ರಗಳು ಬಂದು ರಂಗದ ಮೇಲೆ ತೋರಿಸದ ವೃತ್ತಾಂತವನ್ನು ತಮ್ಮ ಭಾಷೆಯಲ್ಲಿ ಸೂಚಿಸಿಹೋಗುತ್ತವೆ. ಆದರೆ ಭೇದವೂ ದೊಡ್ಡದು. ಪ್ರವೇಶಕದ ಪಾತ್ರವು ಹೇಳಿದುದನ್ನು ಪ್ರೇಕ್ಷಕನು ನಂಬುತ್ತಾನೆ, ನಂಬಲೇಬೇಕು. ಇಲ್ಲಿಯ ಪಾತ್ರಗಳು ಹೇಳಿದುದನ್ನು ನಂಬಿದ ವಾಚಕನು ಮೋಸಹೋಗುತ್ತಾನೆ. ವೃತ್ತಾಂತವನ್ನು ತಿಳಿಸಬೇಕಾದ ಮಾತು ವೃತ್ತಾಂತವನ್ನು ಮುಚ್ಚುತ್ತದೆ. ಸತ್ತವರು ಯಾರೆಂಬುದನ್ನು ಲೇಖಕಿಯು ಅಡಗಿಸಿಟ್ಟುದರ ಔಚಿತ್ಯ ಇಲ್ಲಿ ಕಾಣುತ್ತದೆ. ಅಷ್ಟು ಜನ ಅಷ್ಟು ಮಾತನಾಡಿದರೂ ಸೆಲೆಸ್ಟಳ ಮೈಮೇಲಣ ಗಾಯದ ವಿಷಯವನ್ನು ಅವರು ತಿಳಿದೇ ಇರಲಿಲ್ಲ. ಆದುದರಿಂದ ಸಾಯುವವನು ಪೆರಿಯೆಂಬುದನ್ನು ಅವರ ಮಾತಿನಿಂದ ಊಹಿಸುವುದು ವಾಚಕನಿಗೂ ಸಾಧ್ಯವಿಲ್ಲ.

ತನಗೆ ಬಂಧುವಲ್ಲದವನಿಗಾಗಿ ತೋರುವ ಶೋಕವು ಕರುಣವಾಗದೆ ಹಾಸ್ಯವೇ ಆಗುವುದೆಂದು ಅಭಿನವಗುಪ್ತನು ರಸಾಭಾಸದ ಪ್ರಸ್ತಾವದಲ್ಲಿ ಹೇಳುತ್ತಾನೆ. ಊರವರ ಸಂತಾಪವೂ ಅಂಥದೇ. ಅವರು ದುಃಖಿಸುವುದು ಸತ್ತವನಿಗಾಗಿ ಅಲ್ಲ. ತಮ್ಮ ಪಾತ್ರವು ಕಥೆಯಲ್ಲಿ ಸಣ್ಣದಾಯಿತಲ್ಲಾ ಎಂಬುದಕ್ಕಾಗಿ.

೫

ಈ ಸಂದರ್ಭದಲ್ಲಿ ಶೂದ್ರಕನ ಮೃಚ್ಛಕಟಿಕವು ನೆನಪಿಗೆ ಬರುವುದು ಸಹಜ. ಹಾಸ್ಯ, ಹತ್ಯೆ, ಸಾಕ್ಷ್ಯ, ಮಗು ಈ ನಾಲ್ಕೂ ಸೇರಿದ ಕೃತಿ ನಮ್ಮಲ್ಲಿ ಅದು. ಶಕಾರನು ನಗೆಪಾತ್ರ, ಪುರಾಣಕಥೆಗಳನ್ನು ತಲೆಕೆಳಗು ಮಾಡಿ ಹೇಳುವ ಮೂರ್ಖ. ಮೊದಲನೆಯ ಅಂಕದಲ್ಲಿ ಅವನನ್ನು ನೋಡಿ ನಕ್ಕ ಪ್ರೇಕ್ಷಕನು, ಎಂಟನೆಯ ಅಂಕದಲ್ಲಿ ಅದೇ ಮೂರ್ಖನು ವಸಂತಸೇನೆಯ ಕೊರಳನ್ನು ಹಿಸುಕುವುದನ್ನು ಕಂಡು ಬೆಚ್ಚುತ್ತಾನೆ. ಒಂಬತ್ತನೆಯ ಅಂಕದ ನ್ಯಾಯಸ್ಥಾನದಲ್ಲಿ ಹೇಳುವವರೆಲ್ಲರೂ ಸುಳ್ಳು ಹೇಳುವವರಲ್ಲ. ವಸಂತಸೇನೆಯ ತಾಯಿ ತಾನು ಬಲ್ಲ ನಿಜವನ್ನೇ ಹೇಳುತ್ತಾಳೆ. ಉದ್ಯಾನಕ್ಕೆ ಹೋಗಿಬಂದ ವೀರಕನು ಮತ್ತಾವಳೋ ಹೆಂಗಸಿನ ಶವವನ್ನು ನಿಜವಾಗಿಯೇ ಕಂಡಿದ್ದಾನೆ. ಮೈತ್ರೇಯನ ಬಳಿಯಿಂದ ಜಾರಿಬಿದ್ದ ಒಡವೆಗಳು ನಿಜವಾಗಿಯೂ ವಸಂತಸೇನೆಯವೇ. ಬಿಡಿಬಿಡಿಯಾದ ನಿಜಗಳನ್ನು ಕೂಡಿಸಿದರೆ ಚಾರುದತ್ತನು ಕೊಲೆಗಾರನೆಂಬ ಮಹಾ ಅಸತ್ಯವು ಸಿದ್ಧವಾಗುತ್ತದೆ. ಆ ಒಡವೆಗಳಾದರೂ ಯಾವುವು? ಚಿನ್ನದ ಬಂಡಿ ಬೇಕೆಂದು ಅತ್ತ ರೋಹಸೇನನ ಮಣ್ಣಿನ ಬಂಡಿಯಲ್ಲಿ ವಸಂತಸೇನೆಯು ವಾತ್ಸಲ್ಯದಿಂದ ತುಂಬಿದ ಒಡವೆಗಳು. ಮಗುವಿನ ಕಣ್ಣೀರನ್ನು ಒರಸಿದ ಚಿನ್ನವೇ ತಂದೆಯ ಕೊರಳಿಗೆ ಉರುಳಾಗುತ್ತದೆ.

ಮೊರಿಯಾರ್ಟಿಯವರ ಕೃತಿಯನ್ನು ಶೂದ್ರಕನದಕ್ಕೆ ಸಮನೆಂದು ಹೇಳುವುದು ನನ್ನ ಉದ್ದೇಶವಲ್ಲ. ಅಲ್ಲಿ ಹಾಸ್ಯವೂ ಕ್ರೌರ್ಯವೂ ಒಂದೇ ಪಾತ್ರದಲ್ಲಿ ಸೇರಿವೆ. ಇಲ್ಲಿ ಕ್ರೂರನಾದ ಪೆರಿಯು ನಗೆಗೀಡಾದವನಲ್ಲ, ಎಲ್ಲರೂ ಮೆಚ್ಚುವವನು. ಅಲ್ಲಿ ಸತ್ತಳೆಂದುಕೊಂಡವಳು ಬದುಕಿಬರುತ್ತಾಳೆ. ಇಲ್ಲಿ ಬಿದ್ದವನು ಏಳುವುದಿಲ್ಲ. ಆದರೆ ನಿಜಕ್ಕೂ ಸಾಕ್ಷ್ಯಕ್ಕೂ ನಡುವೆ ಇರುವ ಕಂದರವನ್ನು ತೋರಿಸುವುದರಲ್ಲಿ ಇಬ್ಬರೂ ಒಂದೇ ದಾರಿಯವರು.

೬

ಶಬ್ದವು ಪ್ರಮಾಣವಾಗುವುದು ಅದು ಆಪ್ತನ ಮಾತಾದಾಗ ಮಾತ್ರ ಎಂಬುದು ನೈಯಾಯಿಕರ ಮತ. ವಸ್ತುವನ್ನು ಸಾಕ್ಷಾತ್ತಾಗಿ ತಿಳಿದು, ತಿಳಿದುದನ್ನು ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ವಾತ್ಸ್ಯಾಯನನು ಭಾಷ್ಯದಲ್ಲಿ ವಿಶದಪಡಿಸಿದ್ದಾನೆ. ಆಪ್ತತೆಯು ಕುಲದಿಂದಲ್ಲ, ಪದವಿಯಿಂದಲ್ಲ. ವಯಸ್ಸಿನಿಂದಲೂ ಅಲ್ಲವೆಂದು ನಾನು ಸೇರಿಸುತ್ತೇನೆ. ಏಕೆಂದರೆ ಪಿರಿವೀಯ ಹಿರಿಯರಲ್ಲಿ ತಿಳಿದವರು ಹೇಳಲಿಲ್ಲ, ಹೇಳಿದವರು ತಿಳಿದಿರಲಿಲ್ಲ. ಸೆಲೆಸ್ಟಳು ತನ್ನ ನೋವನ್ನು ಮುಚ್ಚಿಟ್ಟಳು. ಊರವರು ತಾವು ಕಾಣದ್ದನ್ನು ಹರಡಿದರು. ಇನ್ನು ಮಕ್ಕಳೋ, ನಿಜವನ್ನು ಬಲ್ಲವರಾಗಿದ್ದರು. ಅಮಾಬೆಲ್ಲಾಳಿಗೆ ತನ್ನನ್ನು ಹಿಂಸಿಸಿದವನು ಯಾರೆಂದು ಗೊತ್ತಿತ್ತು, ಜಿಗ್ಗಿಗೂ ಗೊತ್ತಿತ್ತು, ಅವಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ ಅವನು ಅಪವಾದವನ್ನು ಹೊತ್ತು ಸುಮ್ಮನಿದ್ದನು.

ಹಾಸ್ಯಕರುಣಗಳ ಏಕಮೂಲವಿದು: ಆಪ್ತವಲ್ಲದ ಮಾತು. ಹೇನು, ದಾದಿ, ವೇಷ ಇವುಗಳ ವಿಷಯವಾಗಿ ಆಡಿದಾಗ ಆ ಮಾತು ನಮ್ಮನ್ನು ನಗಿಸುತ್ತದೆ. ಅದೇ ಮಾತು, ಅದೇ ಬಾಯಿಂದ, ಮಗುವಿನ ವಿಷಯದಲ್ಲಿ ಹೊರಟಾಗ ಹಿಂಸೆಯಾಗುತ್ತದೆ. ಹೆಂಡತಿಯ ವಿಷಯದಲ್ಲಿ ಹೊರಡದೆ ನಿಂತಾಗ ಹತ್ಯೆಗೆ ದಾರಿಮಾಡುತ್ತದೆ. ರೌದ್ರದಿಂದ ಕರುಣವು ಹುಟ್ಟುವುದೆಂದು ಭರತನು ಹೇಳಿದ್ದಾನೆ. ಪೆರಿಯ ರೌದ್ರವನ್ನು ಮ್ಯಾಕ್ಸನು ಮನೆಯಲ್ಲಿ ಕಂಡು ಶಾಲೆಯಲ್ಲಿ ಆಚರಿಸಿದನು. ಮಕ್ಕಳು ಏನನ್ನೂ ಕಂಡಿಲ್ಲವೆಂದು ತಾಯಿಯು ನಂಬಿದ್ದಳು. ಬಾನಿಯು ಮಹಡಿಯ ಮೇಲೆ ಪೆರಿಯ ಮೇಲೆ ಬೀಳುವಾಗ ಕೂಗುವುದು ಮಕ್ಕಳು ಕಾಣುತ್ತಾರೆ ಎಂಬುದನ್ನೇ. ಅವಳೂ ಹೊಡೆಯುವ ತಂದೆಯ ಮನೆಯಲ್ಲಿ ಬೆಳೆದವಳು. ಇಡೀ ಗ್ರಂಥದಲ್ಲಿ ಪ್ರಮಾಣಭೂತವಾದ ಸಾಕ್ಷಿನುಡಿ ಆ ಕೂಗೊಂದೇ. ಅದನ್ನು ನುಡಿಸಿದುದು ಅವಳೊಳಗೆ ಉಳಿದಿದ್ದ ಮಗು.

ಇಲ್ಲಿ ನನ್ನದೊಂದು ಅನುಭವವನ್ನು ಹೇಳಬೇಕಾಗಿದೆ. ಹಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಒಬ್ಬ ಹುಡುಗನ ಹೊಸ ಪುಸ್ತಕ ಕಳೆದುಹೋಯಿತು. ಯಾರು ತೆಗೆದರೆಂದು ನಾನು ಎಲ್ಲರ ಇದಿರಿನಲ್ಲಿ ಕೇಳಿದೆನು. ಅವನು ಹೆದರಿ, ತನ್ನ ಪಕ್ಕದ ಬಡಹುಡುಗನನ್ನು ತೋರಿಸಿದನು. ನಾನು ನಂಬಿದೆನು, ತೋರಿಸಿದ ಬೆರಳಿಗಿಂತ ತೋರಿಸಿಕೊಂಡವನ ಹರಕು ಅಂಗಿಯೇ ನನ್ನನ್ನು ನಂಬಿಸಿತೋ ಏನೋ. ಪುಸ್ತಕವು ಎರಡು ದಿನಗಳ ತರುವಾಯ ಅದರ ಒಡೆಯನ ಮನೆಯಲ್ಲಿಯೇ ಸಿಕ್ಕಿತು. ಅಪವಾದವನ್ನು ಹೊರಿಸಿದುದು ತುಂಬಿದ ತರಗತಿಯಲ್ಲಿ. ಅದು ತಪ್ಪೆಂದು ನಾನು ಹೇಳಿದುದು ಪಡಸಾಲೆಯ ಮೂಲೆಯಲ್ಲಿ, ಮೆಲ್ಲಗೆ. ಶಬ್ದಪ್ರಮಾಣದ ಲಕ್ಷಣವನ್ನು ಬಾಯಿಪಾಠ ಮಾಡಿದ್ದ ನನಗೆ ಆ ದಿನ ಅದು ಉಪಯೋಗಕ್ಕೆ ಬರಲಿಲ್ಲ. ಜಿಗ್ಗಿಯ ಪ್ರಕರಣವನ್ನು ಓದಿ ನಗಲು ಹೊರಟ ನನ್ನ ನಗು ನಡುವೆ ನಿಂತುದಕ್ಕೆ ಇದೇ ಕಾರಣ. ಜೇನಳಂಥ ತಾಯಿಯೂ ತನ್ನ ಮಗನಲ್ಲಿ ಅವನ ತಂದೆಯ ಸ್ವಭಾವವು ಇಳಿದಿರಬಹುದೇ ಎಂದು ಒಳಗೊಳಗೆ ಶಂಕಿಸುತ್ತಾಳೆ. ಪರರು ಶಂಕಿಸುವುದರಲ್ಲಿ ಆಶ್ಚರ್ಯವೇನು?

೭

ಗುಣಗಳನ್ನು ಹೇಳಿದಮೇಲೆ ದೋಷಗಳನ್ನೂ ಹೇಳುವುದು ವಿಮರ್ಶಕನ ಧರ್ಮ. ಜೇನಳನ್ನು ಕೆಡಿಸಿದವನೂ ಸೆಲೆಸ್ಟಳನ್ನು ಹೊಡೆಯುವವನೂ ಒಬ್ಬನೇ ಎಂಬುದು ಕಥೆಯನ್ನು ಬಿಗಿಗೊಳಿಸಿದರೂ, ಲೋಕದಲ್ಲಿ ಅಂಥ ಆಕಸ್ಮಿಕವು ಅಪೂರ್ವ. ಲೇಖಕಿಯ ಕೈ ಅಲ್ಲಿ ಕಾಣಿಸುತ್ತದೆ. ಮ್ಯಾಡಲಿನಳ ಹಿರಿಯ ಮಗಳು ಬಾಲ್ಯವಿವಾಹದ ವಿರುದ್ಧ ಹಣ ಕೂಡಿಸುವುದಕ್ಕಾಗಿ ತನ್ನ ಕನ್ಯಾತ್ವವನ್ನು ಹರಾಜಿಗಿಡುವ ಪ್ರಸಂಗವು, ಸೆಲೆಸ್ಟಳು ಬೇರೆ ಹೆಸರಿನಿಂದ ಹಣವನ್ನು ಕೊಟ್ಟಕೂಡಲೆ ಸುಲಭವಾಗಿ ಮುಗಿದುಹೋಗುತ್ತದೆ. ಅಷ್ಟು ತೀಕ್ಷ್ಣವಾದ ವಸ್ತುವಿಗೆ ಅಷ್ಟು ಮೃದುವಾದ ನಿರ್ವಹಣ ಸಾಲದು. ಊರವರ ಹೇಳಿಕೆಗಳೂ ಕೆಲವೆಡೆಗಳಲ್ಲಿ ಒಂದೇ ರುಚಿಯವಾಗಿ, ಯಾರ ಮಾತು ಯಾರದೆಂದು ತಿಳಿಯದೆ ಹೋಗುತ್ತವೆ. ಅವರು ಒಬ್ಬರಂತೆ ಒಬ್ಬರಿರುವುದೇ ಲೇಖಕಿಯ ಇಷ್ಟವೆಂದು ಸಮಾಧಾನ ಹೇಳಬಹುದಾದರೂ, ವಾಚಕನಿಗೆ ಆಗುವ ಬೇಸರವು ಆ ಸಮಾಧಾನದಿಂದ ಹೋಗುವುದಿಲ್ಲ.

ಬಾನಿಯೇ ಪೆರಿಯನ್ನು ನೂಕಿದುದು ಅಸಂಭಾವ್ಯವೆಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪಲಾರೆನು. ಅವಳ ಶಾಂತಿಯು ಸ್ವಭಾವದಿಂದ ಬಂದುದಲ್ಲ, ಪ್ರಯತ್ನದಿಂದ ಕಾಪಾಡಿಕೊಂಡುದು. ಮ್ಯಾಡಲಿನಳ ಅಸೂಯೆಯ ಕಣ್ಣಿನಿಂದ ನೋಡಿ ಅವಳನ್ನು ಹಾಸ್ಯಪಾತ್ರವೆಂದು ನಾವು ತಳ್ಳಿಹಾಕಿದೆವು. ಬೀಜವಿರಲಿಲ್ಲವೆಂದಲ್ಲ, ನಗುತ್ತಿದ್ದ ನಾವು ಅದನ್ನು ನೋಡಲಿಲ್ಲ. ಹೀಗೆ ವಾಚಕನೂ ಊರವರ ಗುಂಪಿಗೆ ಸೇರಿದವನೇ ಆಗುತ್ತಾನೆ.

೮

ಕೊನೆಯದಾಗಿ ನಿರ್ವಹಣ. ಮಹಡಿಯ ಮೇಲಿದ್ದವರು ಬಾನಿಯನ್ನು ಉಳಿಸುವುದಕ್ಕಾಗಿ ತಾವೇನನ್ನೂ ಕಾಣಲಿಲ್ಲವೆನ್ನುತ್ತಾರೆ. ಒಂದು ಕಾಲದಲ್ಲಿ ಬೆರಳು ತೋರಿಸಿದುದನ್ನೇ ಪರಮಪ್ರಮಾಣವೆಂದಿದ್ದ ರೆನಾಟಾಳೂ ಅವರಲ್ಲಿ ಒಬ್ಬಳು. ಕಾಣದ್ದನ್ನು ಕಂಡೆವೆಂದವರು ಈಗ ಕಂಡುದನ್ನು ಕಾಣೆವೆನ್ನುತ್ತಾರೆ. ಈ ಸುಳ್ಳು ದಯೆಯಿಂದ ಹುಟ್ಟಿದುದು. ಇಲ್ಲಿಗೇ ಕಥೆಯು ನಿಂತಿದ್ದರೆ ವಾಚಕನಿಗೆ ಸಂತೋಷವಾಗುತ್ತಿತ್ತು, ಗ್ರಂಥದ ಅರ್ಥವು ಮಾತ್ರ ಕೆಡುತ್ತಿತ್ತು. ಮ್ಯಾಡಲಿನಳ ಗಂಡ ಎಡ್‌ನಿಗೆ ಆ ಸುಳ್ಳಿನ ಹೊರೆಯು ಸಹ್ಯವಾಗುವುದಿಲ್ಲ. ಬಾನಿಯು ತಾನಾಗಿಯೇ ತಪ್ಪನ್ನು ಒಪ್ಪಿಕೊಳ್ಳುತ್ತಾಳೆ. ಅದು ಉದ್ದೇಶಪೂರ್ವಕವಾದ ಕೊಲೆಯಲ್ಲವಾದುದರಿಂದ ಅವಳಿಗೆ ಸೆರೆಮನೆಯಾಗದೆ ಸಮಾಜಸೇವೆಯ ಶಿಕ್ಷೆಯಾಗುತ್ತದೆ. ಸೆಲೆಸ್ಟಳು ತನ್ನ ಕಥೆಯನ್ನು ಸಭೆಯ ಮುಂದೆ ನಿಂತು ಹೇಳತೊಡಗುವಲ್ಲಿ ಗ್ರಂಥವು ಮುಗಿಯುತ್ತದೆ. ತಿಳಿದವಳು ಈಗ ಹೇಳುವವಳೂ ಆದಳು, ಆಪ್ತಲಕ್ಷಣವು ಪೂರ್ಣವಾಯಿತು.

೨೦೧೭ರಲ್ಲಿ ಅಮೆರಿಕೆಯವರು ಈ ಕಥೆಯನ್ನು ಕ್ಯಾಲಿಫೋರ್ನಿಯದ ಮಾಂಟೆರೇ ಎಂಬ ಊರಿಗೆ ಸಾಗಿಸಿ, ದೂರದರ್ಶನದ ಧಾರಾವಾಹಿಯಾಗಿ ಮಾಡಿದರು. ಅದರ ಮೊದಲ ಭಾಗವು ಹೆಂಗಸರ ಮೌನದಲ್ಲಿಯೇ ಮುಕ್ತಾಯವಾಯಿತು. ಪೋಲೀಸ್ ಠಾಣೆಯ ಬಾಗಿಲನ್ನು ಅವರು ಸೇರಿದುದು ೨೦೧೯ರ ಎರಡನೆಯ ಭಾಗದ ಅಂತ್ಯದಲ್ಲಿ. ನಟನೆಯ ದೃಷ್ಟಿಯಿಂದ ಅದು ಶ್ಲಾಘ್ಯವೇ. ಆದರೆ ಸತ್ಯವನ್ನು ಎರಡು ವರ್ಷ ತಡೆದುದರಿಂದ ಸಾಕ್ಷ್ಯವೆಂಬ ಮುಖ್ಯಾರ್ಥವು ಸ್ನೇಹವೆಂಬ ಅರ್ಥದ ಹಿಂದೆ ಸರಿಯಿತು. ಈ ಅಂಶದಲ್ಲಿ ಮೂಲಗ್ರಂಥವೇ ಹೆಚ್ಚು.

ಆದುದರಿಂದ ವಿಶ್ವನಾಥನ ವಚನಕ್ಕೆ ಈ ಕೃತಿಯಿಂದ ಬಾಧಕವೇನೂ ಇಲ್ಲ. ಹಾಸ್ಯವು ಕರುಣಕ್ಕೆ ವಿರೋಧಿಯೆಂಬುದು ಸತ್ಯವೇ. ಪಿರಿವೀಯ ಜನರು ನಗುತ್ತಿದ್ದಷ್ಟು ಕಾಲವೂ ಅವರಿಗೆ ಕರುಣೆ ಬರಲಿಲ್ಲ. ಆ ವಿರೋಧವನ್ನೇ ಲೇಖಕಿಯು ಕಥಾವಸ್ತುವಾಗಿ ಮಾಡಿಕೊಂಡಳು. ಶಾಸ್ತ್ರವು ದೋಷವೆಂದು ಎಣಿಸಿದುದನ್ನು ಲೋಕದ ದೋಷವೆಂದು ತೋರಿಸಿದಾಗ ಅದು ಕಾವ್ಯದಲ್ಲಿ ಗುಣವಾಗುತ್ತದೆ. ನಮ್ಮ ಉಪಾಧ್ಯಾಯ ಮಿತ್ರರು ಈ ಪುಸ್ತಕವನ್ನು ಓದಿ ನಗಲಿ. ಆಮೇಲೆ ತರಗತಿಯಲ್ಲಿ ಒಂದು ಪುಟ್ಟ ಬೆರಳು ಯಾರ ಕಡೆಗಾದರೂ ತಿರುಗಿದಾಗ, ಅದು ಏಕೆ ನಡುಗುತ್ತಿದೆಯೆಂಬುದನ್ನು ಮೊದಲು ನೋಡಲಿ.